ಅಶ್ವಶಕ್ತಿಗೆ ಮರುಳಾಗದೆ ಸ್ಪೋರ್ಟ್ಸ್ ಕಾರು ಕೊಳ್ಳುವುದು ಹೇಗೆ?

ನಾನೂರು ಅಶ್ವಶಕ್ತಿಯ ಕಾರಿನಲ್ಲಿ ಎರಡನೇ ಗೇರು ಮುಗಿಯುವಷ್ಟರಲ್ಲಿ ಬಹುತೇಕ ರಸ್ತೆಗಳ ವೇಗಮಿತಿಯೂ ಮುಗಿದಿರುತ್ತದೆ. ಮ್ಯಾನುಯಲ್ ಗೇರಿನ ಪೋರ್ಷೆ 718 ಕೇಮನ್ ಜಿಟಿ4 ಎರಡನೇ ಗೇರಿನಲ್ಲೇ ಗಂಟೆಗೆ 130 ಕಿ.ಮೀ. ದಾಟುತ್ತದೆ. ಎಂಜಿನ್ ಅದ್ಭುತ, ಗೇರ್‌ಬಾಕ್ಸ್ ಅದ್ಭುತ; ಎರಡನ್ನೂ ಪೂರ್ತಿ ಸವಿಯಲು ಮಾತ್ರ ಸಾರ್ವಜನಿಕ ರಸ್ತೆಯಲ್ಲಿ ಅವಕಾಶವಿಲ್ಲ. ಆದ್ದರಿಂದ ಕಾರು ಹುಡುಕಲು ಹೊರಟವರು ‘ಎಷ್ಟು ಸ್ಪೀಡ್ ಹೋಗುತ್ತೆ?’ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಗಂಟೆಗೆ 60ರಿಂದ 100 ಕಿ.ಮೀ. ಒಳಗೆ ಅದು ಎಷ್ಟು ಮಜಾ ಕೊಡುತ್ತದೆ ಎಂದು ನೋಡುವುದು ಒಳ್ಳೆಯದು.

1. ತೂಕ, ಅಗಲ ನೋಡಿ, ಆಮೇಲೆ ಶಕ್ತಿ

ಹಗುರವಾದ ಕಾರು ಕಡಿಮೆ ವೇಗದಲ್ಲೇ ಮಾತಾಡಲು ಶುರು ಮಾಡುತ್ತದೆ. ಮಾಜ್ದಾ ಎಂಎಕ್ಸ್-5 ಸುಮಾರು 1,000–1,100 ಕಿಲೊ ತೂಗುತ್ತದೆ, ಅಶ್ವಶಕ್ತಿ 200 ಕೂಡ ಇಲ್ಲ. ಆದರೂ ತಿರುವಿನ ರಸ್ತೆಯಲ್ಲಿ ಅದರ ಗೇರು, ಬ್ರೇಕು, ಸ್ಟೀರಿಂಗ್ ಎಲ್ಲಕ್ಕೂ ಕೆಲಸ ಸಿಗುತ್ತದೆ. ಆಲ್ಪಿನ್ ಎ110 ಕೂಡ ಅದೇ ತೂಕದ ಆಸುಪಾಸಿನಲ್ಲಿದೆ. 1996ರಲ್ಲಿ ಬಂದ ಮೊದಲ ಲೋಟಸ್ ಎಲೀಸ್ ಅಂತೂ 750 ಕಿಲೊಗೂ ಕಡಿಮೆ.

ಅಗಲದ ಮಾತನ್ನು ಷೋರೂಮಿನಲ್ಲಿ ಯಾರೂ ಎತ್ತುವುದಿಲ್ಲ. ಕನ್ನಡಿಗಳನ್ನು ಬಿಟ್ಟು ಎಂಎಕ್ಸ್-5 ಅಗಲ 1,735 ಮಿ.ಮೀ., ಈಗಿನ ಪೋರ್ಷೆ 911ರದ್ದು 1,852, ಲ್ಯಾಂಬೊರ್ಗಿನಿ ಅವೆಂಟಡೋರ್‌ನದ್ದು 2,030. ಮೂರು ಮೀಟರ್ ಅಗಲದ ಲೇನಿನಲ್ಲಿ ಈ 30 ಸೆಂ.ಮೀ. ಬಹಳ ದೊಡ್ಡದು. ಸಣ್ಣ ಕಾರಿಗೆ ತಿರುವಿನಲ್ಲಿ ತನ್ನ ಲೇನಿನೊಳಗೇ ದಾರಿ ಆರಿಸಿಕೊಳ್ಳುವ ಸ್ವಾತಂತ್ರ್ಯ ಇರುತ್ತದೆ. ಅಗಲದ ಕಾರು ಅಂಚಿನಿಂದ ಅಂಚಿಗೆ ತುಂಬಿಕೊಂಡು ಹೋಗುತ್ತದೆ, ಚಾಲಕನ ಗಮನವೆಲ್ಲ ಎದುರಿನ ಲಾರಿಯ ಮೇಲೆ. ಮನೆಯ ಗೇಟು, ಗ್ಯಾರೇಜಿನ ಇಳಿಜಾರು ಇವನ್ನೂ ಟೇಪು ಹಿಡಿದು ಅಳೆದುಬಿಡಿ. ಕಾರಿನ ಮೂಗನ್ನು ಮೇಲೆತ್ತುವ ಲಿಫ್ಟ್ ವ್ಯವಸ್ಥೆ ಆಯ್ಕೆಯಾಗಿ ಸಿಗುವುದಾದರೆ, ಬೇರೆ ಯಾವ ಅಲಂಕಾರಕ್ಕಿಂತಲೂ ಮೊದಲು ಅದನ್ನು ಹಾಕಿಸಿಕೊಳ್ಳಿ.

2. ತಣ್ಣಗಿರುವ ಎಂಜಿನ್ನನ್ನೇ ನೋಡಿ

ಹಳೆಯ ಕಾರು ನೋಡಲು ಹೋಗುವಾಗ ‘ಮೊದಲೇ ಸ್ಟಾರ್ಟ್ ಮಾಡಿ ಇಡಬೇಡಿ’ ಎಂದು ಮಾರುವವರಿಗೆ ತಿಳಿಸಿ, ಹೋದ ತಕ್ಷಣ ಎಂಜಿನ್ನಿನ ಮುಚ್ಚಳ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಸ್ಟಾರ್ಟ್ ಮಾಡಿದಾಗಿನ ಕಟಕಟ ಸದ್ದು, ಹೊಗೆ ಎರಡೂ ಎಂಜಿನ್ ಬಿಸಿಯಾದ ಮೇಲೆ ಮಾಯವಾಗಬಹುದು. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಸಿಲಿಂಡರಿಗೆ ಸೇರುತ್ತಿದೆ. ಪೋರ್ಷೆಯ ಮಲಗಿದ ಸಿಲಿಂಡರುಗಳ ಎಂಜಿನ್‌ ಮಾತ್ರ ಇದಕ್ಕೆ ಸ್ವಲ್ಪ ಹೊರತು: ನಿಂತಿದ್ದಾಗ ಒಳಗೆ ಜಿನುಗಿದ ಆಯಿಲ್ ಉರಿದು ಒಮ್ಮೆ ನೀಲಿ ಹೊಗೆ ಬಂದು ನಿಂತರೆ ಗಾಬರಿಪಡಬೇಕಿಲ್ಲ.

ಓಡಿಸುವಾಗ ಮಾಡಬೇಕಾದ ಪರೀಕ್ಷೆ ಎರಡು. ತಣ್ಣಗಿನ ಗೇರ್‌ಬಾಕ್ಸಿನಲ್ಲಿ ಮೂರರಿಂದ ಎರಡಕ್ಕೆ ಇಳಿಸಿ. ಕರಕರ ಎಂದರೆ ಗೇರುಗಳ ವೇಗ ಹೊಂದಿಸುವ ಸಿಂಕ್ರೊ ಸವೆದಿದೆ. ಆಮೇಲೆ ನಾಲ್ಕನೇ ಗೇರಿನಲ್ಲಿ ಕಡಿಮೆ ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ.

ಸೀಟಿನಲ್ಲಿ ಅರ್ಧ ಗಂಟೆ ಕೂತು ನೋಡದೆ ಮುಂಗಡ ಕೊಡಬೇಡಿ. ಭುಜ ಸೀಟಿಗೆ ತಾಗಿರುವಾಗಲೇ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ಎಟುಕಬೇಕು. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ತುಸು ಮಡಚಿರಬೇಕು.

3. ಹಳೆಯ ಕಾರಿನ ತಪಾಸಣೆ: ಇಲ್ಲಿ ಜಿಪುಣತನ ಬೇಡ

ಪ್ರತಿ ಮಾದರಿಗೂ ಅದರದೇ ಜಾತಕದೋಷ ಇರುತ್ತದೆ. ಅದನ್ನು ಓದಿಕೊಂಡೇ ಹೋಗಬೇಕು. ಸುಮಾರು 1997ರಿಂದ 2008ರವರೆಗಿನ ಬಾಕ್ಸ್‌ಟರ್ ಮತ್ತು 911 ಕಾರುಗಳ ಸಾಮಾನ್ಯ ಮಾದರಿಗಳಲ್ಲಿ ಐಎಂಎಸ್ ಬೇರಿಂಗ್ (ಎಂಜಿನ್ನಿನೊಳಗಿನ ಮಧ್ಯದ ದಂಡವನ್ನು ಹಿಡಿದಿರುವ ಬೇರಿಂಗ್) ಒಡೆದರೆ ಇಡೀ ಎಂಜಿನ್ ಹೋಗುತ್ತದೆ. ಆಯಿಲ್ ಫಿಲ್ಟರನ್ನು ಕತ್ತರಿಸಿ ನೋಡಿದಾಗ ಮಿನುಗುವ ಲೋಹದ ಚೂರು ಕಂಡರೆ ಅದು ಮೊದಲ ಸೂಚನೆ. ಬೇರಿಂಗ್ ಬದಲಿಸಬಹುದಾದ ಎಂಜಿನ್‌ಗಳಲ್ಲಿ ಕ್ಲಚ್ ಹಾಕಿಸುವಾಗಲೇ ಅದನ್ನೂ ಮುಗಿಸುವುದು ಜಾಣತನ, ಗೇರ್‌ಬಾಕ್ಸ್ ಹೇಗೂ ಕೆಳಗಿಳಿದಿರುತ್ತದೆ. 2007–2013ರ ಬಿಎಂಡಬ್ಲ್ಯು ಎಂ3ಯ 4.0 ಲೀಟರ್ ವಿ8ನಲ್ಲಿ ಕನೆಕ್ಟಿಂಗ್ ರಾಡ್ ಬೇರಿಂಗ್, ಥ್ರಾಟಲ್ ಆಕ್ಚುವೇಟರ್ ಎರಡನ್ನೂ ಬದಲಿಸಿದ್ದಾರೆಯೇ ಎಂದು ಕೇಳಿ. ಆರನೇ ತಲೆಮಾರಿನ ಕಾರ್ವೆಟ್ ಜೀ06ರ 7.0 ಲೀಟರ್ ಎಂಜಿನ್ನಿಗೆ ವಾಲ್ವ್ ಗೈಡ್ ಸವೆಯುವ ರೋಗವಿದೆ. ಫೆರಾರಿ ಎಫ್355ರಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಲು ಎಂಜಿನ್ನನ್ನೇ ಹೊರಗೆ ತೆಗೆಯಬೇಕು. ಹಾಗಾಗಿ ಕಡಿಮೆ ಓಡಿದ ಎಫ್355 ಸಿಕ್ಕಿತೆಂದು ಹಿಗ್ಗುವ ಮೊದಲು ಬೆಲ್ಟ್ ಬದಲಿಸಿದ ದಿನಾಂಕ ನೋಡಿ. ಬೆಲ್ಟಿಗೆ ಕಿಲೊಮೀಟರಿನಷ್ಟೇ ವಯಸ್ಸೂ ಲೆಕ್ಕ.

ಆ ಮಾದರಿಯನ್ನು ಬಲ್ಲ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ಗೆ ತೋರಿಸಿ, ಲೀಕ್‌ಡೌನ್ ಪರೀಕ್ಷೆ ಮಾಡಿಸಿ. ಸಿಲಿಂಡರಿಗೆ ಒತ್ತಡದ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ಅಳೆಯುವ ಕ್ರಮ ಇದು. 10 ಶೇಕಡದೊಳಗೆ ಇದ್ದರೆ ನೆಮ್ಮದಿ, 20 ದಾಟಿದರೆ ರಿಪೇರಿಯ ಲೆಕ್ಕ ಹಾಕಲು ಶುರು ಮಾಡಿ. ಒಂದು ಸಿಲಿಂಡರ್ ಉಳಿದವುಗಳಿಗಿಂತ ತೀರಾ ಬೇರೆ ಇದ್ದರೂ ಅನುಮಾನಿಸಬೇಕು. ಗಾಳಿ ಎಲ್ಲಿಂದ ಬರುತ್ತದೆ ಎಂಬುದರಲ್ಲೇ ಉತ್ತರವಿದೆ: ಆಯಿಲ್ ತುಂಬುವ ಬಾಯಿಂದ ಬಂದರೆ ಪಿಸ್ಟನ್ ರಿಂಗ್, ಸೈಲೆನ್ಸರ್ ಕಡೆಯಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ಕೂಲೆಂಟಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಸ್ಪಾರ್ಕ್ ಪ್ಲಗ್ ತೆಗೆದಿರುವಾಗಲೇ ಬೋರ್‌ಸ್ಕೋಪ್ (ತೆಳು ಕೊಳವೆಯ ಕ್ಯಾಮೆರಾ) ಇಳಿಸಿ ಸಿಲಿಂಡರಿನ ಗೋಡೆಯಲ್ಲಿ ಗೀರುಗಳಿವೆಯೇ ಎಂದೂ ನೋಡಿಸಬಹುದು.

ಮ್ಯಾನುಯಲ್ ಕಾರಾದರೆ ಎಂಜಿನ್ ಕಂಪ್ಯೂಟರಿನ ಓವರ್‌ರೆವ್ ದಾಖಲೆ ತೆಗೆಸಿ. ಐದಕ್ಕೆ ಏರಿಸುವ ಬದಲು ಕೈತಪ್ಪಿ ಮೂರಕ್ಕೆ ಹಾಕಿದರೆ ಚಕ್ರಗಳೇ ಎಂಜಿನ್ನನ್ನು ಮಿತಿಗಿಂತ ಮೇಲೆ ತಿರುಗಿಸುತ್ತವೆ. ರೆವ್ ಲಿಮಿಟರ್ ನಿಲ್ಲಿಸುವುದು ಇಂಧನವನ್ನು ಮಾತ್ರ. ಚಕ್ರದಿಂದ ಬರುವ ಬಲವನ್ನು ಅದು ತಡೆಯಲಾರದು. ಇತ್ತೀಚಿನ ಪೋರ್ಷೆಗಳು ಇದನ್ನು ಆರು ಹಂತಗಳಲ್ಲಿ, ಎಂಜಿನ್ ಓಡಿದ ಯಾವ ಗಂಟೆಯಲ್ಲಿ ನಡೆಯಿತು ಎಂಬುದರ ಸಮೇತ ದಾಖಲಿಸುತ್ತವೆ. ಮೇಲಿನ ಹಂತಗಳ ದಾಖಲೆ ತೀರಾ ಇತ್ತೀಚಿನದಾಗಿದ್ದರೆ ಆ ಕಾರು ಬಿಡಿ. ನೂರಾರು ಗಂಟೆಗಳ ಹಿಂದಿನದಾಗಿದ್ದು ಎಂಜಿನ್ ಇವತ್ತಿಗೂ ಚೆನ್ನಾಗಿದ್ದರೆ ಚೌಕಾಸಿಗೆ ಒಂದು ಕಾರಣ ಸಿಕ್ಕಿತು ಅಷ್ಟೆ.

ಬಣ್ಣದ ದಪ್ಪ ಅಳೆಯುವ ಮೀಟರು ಸುಳ್ಳು ಹೇಳುವುದು ಕಡಿಮೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್. 300 ಬಂದರೆ ಮತ್ತೆ ಬಳಿದಿದ್ದಾರೆ, ಸಾವಿರ ದಾಟಿದರೆ ಒಳಗೆ ಪುಟ್ಟಿ ಇದೆ. ಅಲ್ಯುಮಿನಿಯಂ ಹಾಳೆಗೆ ಅದನ್ನು ಅಳೆಯಬಲ್ಲ ಮೀಟರೇ ಬೇಕು. ಕಾರ್ಬನ್ ಫೈಬರ್ ಮೇಲೆ ಸಾಮಾನ್ಯ ಮೀಟರು ಕೆಲಸ ಮಾಡುವುದಿಲ್ಲ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: 2321 ಎಂದರೆ 2021ರ 23ನೇ ವಾರ. ಆರು ವರ್ಷ ದಾಟಿದ ಟೈರಿನಲ್ಲಿ ಟ್ರೆಡ್ಡಿನ ಗೀರು ಎಷ್ಟೇ ಆಳವಿರಲಿ, ರಬ್ಬರು ಗಟ್ಟಿಯಾಗಿರುತ್ತದೆ. ನಾಲ್ಕರ ಬೆಲೆಯನ್ನೂ ಕಾರಿನ ಬೆಲೆಯಲ್ಲಿ ಕಳೆಯಿರಿ. ಬ್ರೇಕ್ ಡಿಸ್ಕಿನ ಕನಿಷ್ಠ ದಪ್ಪ ಡಿಸ್ಕಿನ ಮೇಲೇ ಅಚ್ಚಾಗಿರುತ್ತದೆ. ಕಾರ್ಬನ್ ಸೆರಾಮಿಕ್ ಡಿಸ್ಕ್ ಮಾತ್ರ ದಪ್ಪದಲ್ಲಿ ಹೆಚ್ಚು ಸವೆಯದೆ ತೂಕದಲ್ಲಿ ಕಡಿಮೆಯಾಗುತ್ತ ಹೋಗುತ್ತದೆ. ಅದನ್ನು ಬಿಚ್ಚಿ ತೂಗಬೇಕು, ಕನಿಷ್ಠ ತೂಕ ನಡುಭಾಗದಲ್ಲಿ ಬರೆದಿರುತ್ತದೆ. ನಾಲ್ಕನ್ನೂ ಬದಲಿಸುವ ಖರ್ಚಿನಲ್ಲಿ ಇನ್ನೊಂದು ಸಾಧಾರಣ ಕಾರು ಬಂದೀತು. ರಸ್ತೆಗಷ್ಟೇ ಓಡಿಸುವವರಿಗೆ ಎರಕದ ಕಬ್ಬಿಣದ ಮಾಮೂಲಿ ಡಿಸ್ಕೇ ವಾಸಿ.

4. ವಿಮೆ ಮೊದಲು, ಸಹಿ ಆಮೇಲೆ

ಕಂತು ಎಷ್ಟೆಂದು ಬರಹದಲ್ಲಿ ಬಂದ ಮೇಲೆಯೇ ಮುಂಗಡ ಕೊಡಿ. ಬೆಲೆ ಏರುತ್ತಿರುವ ಮಾದರಿಯಾದರೆ ‘ಒಪ್ಪಿತ ಮೌಲ್ಯ’ದ ಪಾಲಿಸಿ ಕೇಳಿ, ಇಲ್ಲವಾದರೆ ಅಪಘಾತವಾದಾಗ ಸವಕಳಿ ಕಳೆದ ಮೊತ್ತ ಕೈಗೆ ಬರುತ್ತದೆ. ಸೈಲೆನ್ಸರ್, ಚಕ್ರ, ಎಂಜಿನ್ ಸಾಫ್ಟ್‌ವೇರ್ ಬದಲಾಯಿಸಿದ್ದರೆ ತಿಳಿಸಲೇಬೇಕು. ಮುಚ್ಚಿಟ್ಟರೆ ಪರಿಹಾರ ನಿರಾಕರಿಸಲು ಅದೊಂದೇ ಸಾಕು. ಹಳೆಯ ಕಾರಿನ ಬೆಲೆಯ ಹತ್ತನೇ ಒಂದು ಭಾಗವನ್ನಾದರೂ ಮೊದಲ ವರ್ಷದ ರಿಪೇರಿಗೆ ತೆಗೆದಿಡಿ. ಅಷ್ಟು ಉಳಿಯದಿದ್ದರೆ ಒಂದು ಮೆಟ್ಟಿಲು ಕೆಳಗಿನ ಕಾರು ಕೊಳ್ಳುವುದು ಲೇಸು.

5. ಮೊದಲ ಕೆಲವು ಸಾವಿರ ಕಿಲೊಮೀಟರ್

ಹೊಸ ಟೈರಿನ ಮೇಲ್ಪದರ ನುಣುಪಾಗಿರುತ್ತದೆ, ಮೊದಲ 300 ಕಿ.ಮೀ. ಪೂರ್ತಿ ಹಿಡಿತ ಇರುವುದಿಲ್ಲ. ಬ್ರೇಕ್ ಪ್ಯಾಡುಗಳೂ ಕೂರಲು ಅಷ್ಟೇ ಸಮಯ ಬೇಡುತ್ತವೆ. ಎಂಜಿನ್ ಪಳಗಿಸುವ ಅವಧಿ ಕೈಪಿಡಿಯಲ್ಲಿರುತ್ತದೆ. ಬಿಎಂಡಬ್ಲ್ಯು ಎಂ ಕಾರುಗಳಿಗೆ ಸುಮಾರು 2,000 ಕಿ.ಮೀ.ಗೆ ಎಂಜಿನ್ ಮತ್ತು ಡಿಫರೆನ್ಷಿಯಲ್ ಆಯಿಲ್ ಬದಲಿಸುವ ಸರ್ವಿಸ್ ಇದೆ. ಸೆಕೆಂಡ್ ಹ್ಯಾಂಡ್ ಎಂ ಕಾರು ಕೊಳ್ಳುವವರು ದಾಖಲೆಯಲ್ಲಿ ಮೊದಲು ಹುಡುಕಬೇಕಾದದ್ದೂ ಇದನ್ನೇ.

6. ಪ್ರತಿ ಸಲ ಹೊರಡುವಾಗ

ಕೂಲೆಂಟಿನ ಮುಳ್ಳು ನಡುವಿಗೆ ಬಂದ ಮಾತ್ರಕ್ಕೆ ಎಂಜಿನ್ ಸಿದ್ಧವಾಗಿಲ್ಲ. ಆಯಿಲ್ ಬಿಸಿಯಾಗಲು ಅದಕ್ಕಿಂತ ಹೆಚ್ಚು ಹೊತ್ತು, ಹತ್ತು ಹದಿನೈದು ನಿಮಿಷ ಬೇಕು. ಆಯಿಲ್ 80 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ 3,000 ಆರ್‌ಪಿಎಂ ದಾಟಿಸಬೇಡಿ. ನಿಲ್ಲಿಸಿಕೊಂಡು ಬಿಸಿ ಮಾಡುವುದಕ್ಕಿಂತ ನಿಧಾನವಾಗಿ ಓಡಿಸುತ್ತ ಬಿಸಿ ಮಾಡುವುದೇ ಸರಿ, ಗೇರ್‌ಬಾಕ್ಸು ಟೈರು ಕೂಡ ಜೊತೆಗೇ ಬಿಸಿಯಾಗುತ್ತವೆ. ಟರ್ಬೊ ಇದ್ದರೆ ಜೋರಾಗಿ ಓಡಿಸಿ ಬಂದಾಗ ಕೊನೆಯ ಒಂದೆರಡು ಕಿ.ಮೀ. ಮೆಲ್ಲಗೆ ಬನ್ನಿ.

ಟೈರಿನ ಗಾಳಿಯನ್ನು ತಣ್ಣಗಿರುವಾಗಲೇ ಅಳೆಯಬೇಕು. 10 ಡಿಗ್ರಿ ಏರಿದರೆ ಒತ್ತಡ ಸುಮಾರು 0.1 ಬಾರ್, ಅಂದರೆ ಒಂದೂವರೆ ಪಿಎಸ್‌ಐ ಏರುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಟ್ಟು ಸರಿಮಾಡಿದರೆ ಮರುದಿನ ಬೆಳಗ್ಗೆ ಕಡಿಮೆಯಾಗಿರುತ್ತದೆ. ಬೇಸಿಗೆ ಟೈರುಗಳು 7 ಡಿಗ್ರಿಗಿಂತ ಕೆಳಗೆ ಹಿಡಿತ ಕಳೆದುಕೊಳ್ಳುತ್ತವೆ. ರೇಸಿಗೆ ಹತ್ತಿರದ ಅರೆ-ಸ್ಲಿಕ್ ಟೈರುಗಳು ನಿಂತ ನೀರಿನ ಮೇಲೆ ಅಪಾಯಕಾರಿ. ಅಗಲ ಹೆಚ್ಚಿದಷ್ಟೂ, ಗೀರು ಸವೆದಷ್ಟೂ ಕಾರು ನೀರಿನ ಮೇಲೆ ತೇಲುವುದು ಬೇಗ. ಅನೇಕ ದೇಶಗಳಲ್ಲಿ ಗೀರಿನ ಆಳಕ್ಕೆ ಕಾನೂನಿನ ಮಿತಿ 1.6 ಮಿ.ಮೀ. ಇದ್ದರೂ 3 ಮಿ.ಮೀ.ಗೇ ಬದಲಿಸಿ. ನಾಲ್ಕು ಚಕ್ರ ಚಾಲನೆಯ ಕಾರಾದರೆ ಎರಡೇ ಹೊಸ ಟೈರು ಹಾಕಿಸುವ ಮೊದಲು ಕೈಪಿಡಿ ನೋಡಿ. ಹಿಂದು ಮುಂದಿನ ಚಕ್ರಗಳ ಸುತ್ತಳತೆ ಮಿತಿಮೀರಿ ಬೇರೆಯಾದರೆ ಎರಡೂ ಕಡೆಗೆ ಶಕ್ತಿ ಹಂಚುವ ನಡುವಿನ ಕ್ಲಚ್ ಸದಾ ಜಾರುತ್ತ ಬಿಸಿಯಾಗುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕುದಿಯುವುದು ಕನಿಷ್ಠ 230 ಡಿಗ್ರಿಯಲ್ಲಿ, ತೇವ ಹಿಡಿದದ್ದು 155ರಲ್ಲೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿ ತುಂಬಿ, ಪೆಡಲ್ ನೆಲ ಮುಟ್ಟಿದರೂ ಕಾರು ನಿಲ್ಲುವುದಿಲ್ಲ. ಉದ್ದನೆಯ ಇಳಿಜಾರಿನ ಕೊನೆಯಲ್ಲೇ ಇದು ಸಂಭವಿಸುವುದು. ಎರಡು ವರ್ಷಕ್ಕೊಮ್ಮೆ ಬದಲಿಸಿ.

7. ರಸ್ತೆಯ ಮೇಲೆ

100 ಕಿ.ಮೀ. ವೇಗದಲ್ಲಿ ಒಂದೂವರೆ ಸೆಕೆಂಡು ಯೋಚಿಸುವಷ್ಟರಲ್ಲಿ ಕಾರು 42 ಮೀಟರ್ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಇದ್ದರೂ ಕಾರು ನಿಲ್ಲಲು ಇನ್ನು ಸುಮಾರು 40 ಮೀಟರ್ ಬೇಕು. 200ರಲ್ಲಿ ಇವೇ ಲೆಕ್ಕ 83 ಮತ್ತು 157. ಒಟ್ಟು 240 ಮೀಟರ್. ತಿರುವಿನ ರಸ್ತೆಯಲ್ಲಿ ಅಷ್ಟು ದೂರ ಕಣ್ಣಿಗೇ ಕಾಣುವುದಿಲ್ಲ. ಕಾಣುವ ದೂರದೊಳಗೆ ನಿಲ್ಲಿಸಬಲ್ಲ ವೇಗವೇ ಗರಿಷ್ಠ ವೇಗ, ಅದು ಮಿತಿಯ ಫಲಕಕ್ಕಿಂತ ಕಡಿಮೆ ಇರುವುದೂ ಉಂಟು.

ಇಷ್ಟರೊಳಗೇ ಮಾಡುವುದು ಬಹಳಷ್ಟಿದೆ. ಬ್ರೇಕ್ ಒತ್ತಿಕೊಂಡೇ ಗೇರು ಇಳಿಸುವಾಗ ಹಿಮ್ಮಡಿಯಿಂದ ಆಕ್ಸಿಲರೇಟರ್ ಚುರುಕಾಗಿ ತಟ್ಟಿ ಆರ್‌ಪಿಎಂ ಹೊಂದಿಸಿ, ಕ್ಲಚ್ ಬಿಟ್ಟಾಗ ಕಾರು ಒಂಚೂರೂ ಕುಲುಕದಿದ್ದರೆ ಅದರ ಖುಷಿಯೇ ಬೇರೆ. ಇದಕ್ಕೆ 70 ಕಿ.ಮೀ. ವೇಗ ಧಾರಾಳ ಸಾಕು. ತಿರುವಿಗೆ ನಿಧಾನವಾಗಿ ಹೊಕ್ಕು, ಹೊರದಾರಿ ಕಂಡ ಮೇಲೆ ಆಕ್ಸಿಲರೇಟರ್ ತುಳಿಯಿರಿ. ಎಂಜಿನ್ ಹಿಂದಿರುವ ಕಾರಿನಲ್ಲಿ ತಿರುವಿನ ನಡುವೆ ಹೆದರಿ ಥಟ್ಟನೆ ಕಾಲೆತ್ತಿದರೆ ಭಾರ ಮುಂದಕ್ಕೆ ಸರಿದು ಹಿಂಬದಿ ಹೊರಕ್ಕೆ ಬೀಸುತ್ತದೆ. ಸ್ಟೆಬಿಲಿಟಿ ಕಂಟ್ರೋಲ್ ಆನ್ ಇರಲಿ. ಸಸ್ಪೆನ್ಷನ್ನನ್ನು ಮೃದುವಾಗಿಡಿ, ಎಂಜಿನ್ನಿಗೆ ಬೇಕಿದ್ದರೆ ಸ್ಪೋರ್ಟ್ ಮೋಡ್ ಕೊಡಿ: ಉಬ್ಬುತಗ್ಗಿನ ರಸ್ತೆಯಲ್ಲಿ ಬಿರುಸಾದ ಸಸ್ಪೆನ್ಷನ್ ಟೈರನ್ನು ನೆಲದಿಂದ ಎತ್ತಿಬಿಡುತ್ತದೆ.

ಓವರ್‌ಟೇಕ್ ಮಾಡುವಾಗ ಕಾರಿನ ಶಕ್ತಿಯೇ ತೊಂದರೆ ತರಬಹುದು. ಕನ್ನಡಿಯಲ್ಲಿ ದೂರ ಕಂಡ ಕಾರು ಎರಡು ಸೆಕೆಂಡಿನಲ್ಲಿ ಪಕ್ಕಕ್ಕೆ ಬರುತ್ತದೆಂದು ಮುಂದಿನ ಚಾಲಕ ಎಣಿಸಿರುವುದಿಲ್ಲ. ಇಷ್ಟು ಕುಳ್ಳ ಕಾರು ಲಾರಿಯ ಕನ್ನಡಿಗೆ ಬೀಳದೆಯೂ ಇರಬಹುದು. ಅವರ ಗಮನಕ್ಕೆ ಬಂದಿದ್ದೇವೆಂದು ಖಾತ್ರಿಯಾದ ಮೇಲೆ ಮುನ್ನುಗ್ಗಿ.

8. ನಿಲ್ಲಿಸಿಡುವಾಗ, ಟ್ರ್ಯಾಕಿಗೆ ಹೋಗುವಾಗ

ವಾರಗಟ್ಟಲೆ ನಿಲ್ಲಿಸುವುದಾದರೆ ಬ್ಯಾಟರಿ ಮೇಂಟೇನರ್ ಹಾಕಿ. ಅಲಾರಂ, ಕಂಪ್ಯೂಟರುಗಳು ಸುಮ್ಮನಿದ್ದಾಗಲೂ ವಿದ್ಯುತ್ ಹೀರುತ್ತವೆ. ಆಗಾಗ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸ ಕೆಟ್ಟದ್ದು: ಬಿಸಿಯಾಗದ ಎಂಜಿನ್ನಿನಲ್ಲಿ ನೀರಿನ ಅಂಶ ಆಯಿಲಿಗೆ ಸೇರುತ್ತದೆ. ಓಡಿಸುವುದಾದರೆ ಅರ್ಧ ಗಂಟೆ ಓಡಿಸಿ, ಇಲ್ಲವೇ ಮುಟ್ಟಬೇಡಿ.

ಪೂರ್ತಿ ವೇಗ ನೋಡಲೇಬೇಕೆಂದರೆ ಟ್ರ್ಯಾಕಿಗೆ ಹೋಗಿ. ಸಾಮಾನ್ಯ ವಿಮೆ ಅಲ್ಲಿ ಅನ್ವಯಿಸದಿರಬಹುದು, ಮೊದಲೇ ಕೇಳಿ. ಹೊಸ ಬ್ರೇಕ್ ಆಯಿಲ್ ಹಾಕಿಸಿ, ಪ್ಯಾಡು ಅರ್ಧಕ್ಕಿಂತ ಹೆಚ್ಚಿರಲಿ, ವೀಲ್ ನಟ್‌ಗಳನ್ನು ಟಾರ್ಕ್ ರೆಂಚಿನಿಂದ ನೋಡಿ. ಕೊನೆಯ ಸುತ್ತನ್ನು ಬ್ರೇಕ್ ಹೆಚ್ಚು ಬಳಸದೆ ಮುಗಿಸಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಿ: ಕಾದ ಡಿಸ್ಕಿಗೆ ಪ್ಯಾಡು ಒತ್ತಿಕೊಂಡೇ ಇದ್ದರೆ ಅದರ ವಸ್ತು ಅಲ್ಲಿ ಅಂಟಿಕೊಂಡು, ಮುಂದಿನ ಸಲ ಬ್ರೇಕ್ ಒತ್ತಿದಾಗ ಕಾರು ನಡುಗುತ್ತದೆ.