ಕಿಟಕಿ ಪಕ್ಕ ಕೂರುವ ಕಟ್ಟೆ: ಮೊದಲು ಎತ್ತರ, ಆಮೇಲೆ ಮರ

ಕಿಟಕಿಯಡಿ ಕೂರಲು ಕಟ್ಟೆ ಮಾಡಿಸಬೇಕೆಂದಾಗ ಟೇಪು ಹೋಗುವುದು ಕಿಟಕಿಯ ಅಗಲದ ಕಡೆಗೆ. ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಎತ್ತರ. ಪಾದ ನೆಲಕ್ಕೂರಿ ಕೂರಲು ಹೆಚ್ಚಿನವರಿಗೆ 450 ಮಿ.ಮೀ. ಹದ. ಇದು ಮೆತ್ತೆಯ ಮೇಲೆ ಕೂತಾಗ ಸಿಗಬೇಕಾದ ಎತ್ತರ, ಹಲಗೆಯದ್ದಲ್ಲ. 75 ಮಿ.ಮೀ. ಫೋಮು ಮೈಭಾರಕ್ಕೆ ಸುಮಾರು 25 ಮಿ.ಮೀ. ತಗ್ಗುತ್ತದೆ. ಅಂದರೆ ಹಲಗೆ ನೆಲದಿಂದ 400ಕ್ಕೆ ನಿಲ್ಲಬೇಕು. ಹಲಗೆಯನ್ನೇ 450ಕ್ಕೆ ಕೂರಿಸಿ ಅದರ ಮೇಲೆ ಮೆತ್ತೆ ಹಾಕಿದರೆ ಅಂಚು ತೊಡೆಗೆ ಒತ್ತಿ ಕಾಲು ಜೋಮು ಹಿಡಿಯುತ್ತದೆ.

ಆಳ 500 ಸಾಕು. ಬೆನ್ನಿಗೆ ದಿಂಬು ಇಡುವುದಾದರೆ 600 ಇರಲಿ, ದಿಂಬೇ 100 ತಿನ್ನುತ್ತದೆ. ಕಾಲು ಚಾಚಿ ಓದುವವರಿಗೆ ಉದ್ದ 1200ಕ್ಕಿಂತ ಕಡಿಮೆ ಬೇಡ, ಮಲಗಬೇಕೆಂದರೆ 1800.

ಮರ ತರುವ ಮುನ್ನ ಗೋಡೆ ನೋಡಿ. ಕಿಟಕಿ ಚೌಕಟ್ಟಿನ ಕೆಳಗೆ ಬಣ್ಣ ಉಬ್ಬಿದ್ದರೆ, ಬಿಳಿ ಪುಡಿ ಉದುರುತ್ತಿದ್ದರೆ ಅಲ್ಲಿ ನೀರು ಇಳಿಯುತ್ತಿದೆ. ಹೊರಗಿನಿಂದ ಕಾಲು ಗಂಟೆ ಪೈಪಿನಲ್ಲಿ ನೀರು ಬಿಟ್ಟು ಒಳಗೆ ಕೈಯಾಡಿಸಿ. ಈ ಸೋರಿಕೆಯನ್ನು ಸರಿಪಡಿಸದೆ ಕಟ್ಟೆ ಮುಚ್ಚಿದರೆ ಒಳಗಿನ ಪ್ಲೈವುಡ್ ಕೊಳೆಯುವುದು ಹೊರಗೆ ಗೊತ್ತಾಗುವುದೇ ಇಲ್ಲ. ಗೋಡೆಯೊಳಗಿನ ವೈರು ಎಲ್ಲಿ ಹಾದಿದೆ, ಒಳಕ್ಕೆ ತೆರೆಯುವ ಕಿಟಕಿ ಬಾಗಿಲು ದಿಂಬಿಗೆ ತಾಗುತ್ತದೆಯೇ ಎಂಬುದನ್ನೂ ಈಗಲೇ ತಿಳಿದುಕೊಳ್ಳಿ. ಮಕ್ಕಳು ಕಟ್ಟೆ ಹತ್ತಿ ನಿಲ್ಲುತ್ತಾರೆ. ಹಾಗಾಗಿ ಕಿಟಕಿ ಎಷ್ಟು ಎತ್ತರದಲ್ಲಿದೆ ಎಂದು ನೆಲದಿಂದಲ್ಲ, ಕಟ್ಟೆಯಿಂದ ಅಳೆಯಿರಿ. ಗ್ರಿಲ್ ಇಲ್ಲದ ಕಿಟಕಿಗೆ ಮೊದಲು ಗ್ರಿಲ್ ಹಾಕಿಸಿ.

ಕೆಲಸ ಬುಡದಿಂದ ಶುರು. 90 ಮಿ.ಮೀ. ಎತ್ತರದ ಪ್ಲೈವುಡ್ ಚೌಕಟ್ಟನ್ನು ಮುಂಭಾಗದಲ್ಲಿ 70 ಮಿ.ಮೀ. ಒಳಕ್ಕೆ ಸರಿಸಿ ಇಡಿ. ಎದ್ದು ನಿಲ್ಲುವಾಗ ಹಿಮ್ಮಡಿಗೆ ಆ ಜಾಗ ಬೇಕು. ಸ್ಪಿರಿಟ್ ಲೆವೆಲ್ ಇಟ್ಟು ನೆಲದ ಏರುಪೇರನ್ನು ಬೆಣೆ ಕೊಟ್ಟು ಸರಿಮಾಡಿ. ಇಲ್ಲಿ ಐದು ನಿಮಿಷ ಉಳಿಸಲು ಹೋದರೆ ಆಮೇಲೆ ಒಂದು ಡ್ರಾಯರೂ ನೆಟ್ಟಗೆ ಕೂರುವುದಿಲ್ಲ.

ಅದರ ಮೇಲೆ 18 ಮಿ.ಮೀ. ನೀರು ತಡೆಯುವ ಪ್ಲೈವುಡ್ಡಿನ ಪೆಟ್ಟಿಗೆಗಳು, ಎತ್ತರ 292. ಬುಡದ 90, ಮೇಲಿನ ಹಲಗೆಯ 18 ಸೇರಿದರೆ 400 ಆಯಿತು. ಒಂದು ಪೆಟ್ಟಿಗೆಯ ಅಗಲ 600 ದಾಟಬಾರದು. ದಾಟಿದರೆ ನಡುವೆ ಹಲಗೆ ಜಗ್ಗುತ್ತದೆ. 1500 ಉದ್ದದ ಕಟ್ಟೆಗೆ 490ರ ಮೂರು ಪೆಟ್ಟಿಗೆ ಮಾಡಿ, ಎರಡೂ ತುದಿಯಲ್ಲಿ 15 ಬಿಡಿ. ಪ್ಲೈವುಡ್ಡಿನ ಅಂಚಿಗೆ ನೇರ ಸ್ಕ್ರೂ ಹೊಡೆದರೆ ಪದರ ಸೀಳುತ್ತದೆ. 3 ಮಿ.ಮೀ. ಬಿಟ್‌ನಲ್ಲಿ ತೂತು ಕೊರೆದು 50 ಮಿ.ಮೀ. ಸ್ಕ್ರೂ ಹಾಕಿ. ಹೊರಗೋಡೆಯಿಂದ 20 ಮಿ.ಮೀ. ಗಾಳಿಗೆ ಬಿಟ್ಟು, ಆ ಸಂದಿನಲ್ಲಿ ಮರದ ತುಂಡು ಕೊಟ್ಟು ಗೋಡೆಗೆ ಬಿಗಿಯಿರಿ.

ಗೋಡೆ ಯಾವತ್ತೂ ನೇರ ಇರುವುದಿಲ್ಲ. ಮೇಲಿನ ಹಲಗೆಯನ್ನು 10 ಮಿ.ಮೀ. ಉದ್ದವಾಗಿಯೇ ಕತ್ತರಿಸಿ, ಗೋಡೆಗೆ ಒತ್ತಿ ಹಿಡಿದು, ಒಂದು ಸಣ್ಣ ಮರದ ತುಂಡಿಗೆ ಪೆನ್ಸಿಲ್ ಆನಿಸಿ ಗೋಡೆಯುದ್ದಕ್ಕೂ ಜಾರಿಸಿ. ಗೋಡೆಯ ಸೊಟ್ಟವೆಲ್ಲ ಹಲಗೆಯ ಮೇಲೆ ಗೆರೆಯಾಗಿ ಬರುತ್ತದೆ. ಆ ಗೆರೆಯಲ್ಲೇ ಉಜ್ಜಿ ತೆಗೆದರೆ ಸಂದು ಕಾಣದು.

ಸಾಮಾನು ಇಡಲು ಡ್ರಾಯರೇ ಮೇಲು. ಮೇಲೆ ಮುಚ್ಚಳ ಮಾಡಿಸಿದರೆ ಪ್ರತಿ ಸಲ ಮೆತ್ತೆ ಎತ್ತಬೇಕು, ಕೊನೆಗೆ ಯಾರೂ ತೆರೆಯುವುದಿಲ್ಲ. ಮುಚ್ಚಳವೇ ಬೇಕೆಂದರೆ ಹಿಂದೆ 80 ಮಿ.ಮೀ. ಪಟ್ಟಿಯನ್ನು ಅಲುಗದಂತೆ ಕೂರಿಸಿ ಹಿಂಜನ್ನು ಅದಕ್ಕೆ ಹಾಕಿ, ಸುತ್ತ 3 ಮಿ.ಮೀ. ಸಂದು ಬಿಡಿ. ನಿಧಾನವಾಗಿ ಇಳಿಸುವ ಆಧಾರ ಕಡ್ಡಾಯ, ಇಲ್ಲವಾದರೆ ಬೆರಳು ಜಜ್ಜುತ್ತದೆ. ಒಳಗೆ ಮಗು ಸೇರಿಕೊಂಡರೂ ಉಸಿರಾಡುವಂತೆ ಗಾಳಿತೂತುಗಳಿರಲಿ, ಚಿಲಕ ಬೇಡ.

ಮೆತ್ತೆಗೆ 40 ಸಾಂದ್ರತೆಯ (ಘನ ಮೀಟರಿಗೆ 40 ಕೆ.ಜಿ. ತೂಗುವ) ಫೋಮು ತನ್ನಿ, ಹಗುರದ್ದು ಬೇಗ ಗುಂಡಿ ಬೀಳುತ್ತದೆ. ಗವಸಿನ ಅಳತೆಗಿಂತ ಫೋಮನ್ನು 10 ಮಿ.ಮೀ. ದೊಡ್ಡದಾಗಿ ಕತ್ತರಿಸಿದರೆ ಬಟ್ಟೆ ಸುಕ್ಕಾಗದು. ಜಿಪ್ಪು ಹಿಂಬದಿಗೆ ಬರಲಿ. ಬಿಸಿಲು ಬೀಳುವ ಕಿಟಕಿಗೆ ಗಾಢ ಬಣ್ಣ ಬೇಡ, ಬೇಗ ಮಾಸುತ್ತದೆ. ಮೆತ್ತೆ ಜಾರುತ್ತಿದ್ದರೆ ಅಡಿಗೆ ರಬ್ಬರ್ ಜಾಲರಿ ಹಾಸಿ.