ಬಿಸಿಲಿಗೆ ತೆಗೆಸಿದ್ದು ಚಳಿಗೆ ಕೂಗಿತು

ಡಿಸೆಂಬರಿನ ಒಂದು ಬೆಳಿಗ್ಗೆ ಕಲಬುರಗಿಯಿಂದ ಬೀದರಿಗೆ ಕಾರಿನಲ್ಲಿ ಹೊರಟಿದ್ದೆ. ಕಮಲಾಪುರದ ಕೆಂಪು ಬಾಳೆಹಣ್ಣು ಕಂಡ ಮೇಲೆ ನಿಲ್ಲಿಸದೆ ಹೋಗುವ ಮಂದಿ ನಾವಲ್ಲ. ಎಂಜಿನ್ ಚಾಲೂ ಬಿಟ್ಟೇ ಇಳಿದೆ. ಹಣ್ಣು ಎಣಿಸುತ್ತಿದ್ದ ಅವ್ವ ಕೈ ತಡೆದು, "ಯಪ್ಪಾ, ಒಳಗ ಯಾರರ ರೇಸ್ ಒತ್ತಿ ಕುಂತಾರೇನು?" ಅಂದಳು.

ಒಳಗೆ ಯಾರೂ ಇರಲಿಲ್ಲ.

ವಾರದಿಂದ ಆ ಸದ್ದು ನನ್ನ ಕಿವಿಗೂ ಬಿದ್ದಿತ್ತು. ಚಳಿಗೆ ಹೀಗೇ ಅಂತ ಸುಮ್ಮನಿದ್ದೆ. ತಣ್ಣಗಿರುವ ಎಂಜಿನ್ ಮೊದಲ ಎರಡು ಮೂರು ನಿಮಿಷ ಜೋರಾಗಿ ಓಡುವುದು ಸಹಜ. ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಆಯಿಲ್ ಗಟ್ಟಿ ಇರುತ್ತದೆ, ಅದಕ್ಕೇ ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಗಾಳಿ, ಪೆಟ್ರೋಲ್ ಎರಡನ್ನೂ ಹೆಚ್ಚು ಕೊಡುತ್ತದೆ. ಆದರೆ ಗಾಡಿ ಆಗಲೇ 30 ಕಿಲೋಮೀಟರಿಗೂ ಹೆಚ್ಚು ಓಡಿತ್ತು. ಎಂಜಿನ್ ಇನ್ನೂ ತಣ್ಣಗಿರಲು ಸಾಧ್ಯವೇ ಇಲ್ಲ ಅಂದುಕೊಂಡೆ.

ನಾನು ದಾಲ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ಕಾರಿನ ಮೆಕ್ಯಾನಿಕ್ ಅಲ್ಲ. ಆದರೆ ಮೋಟರ್ ಕೆಟ್ಟರೆ ಮೊದಲು ಅಳತೆ, ಆಮೇಲೆ ಪಾನಾ ಎನ್ನುವುದು ಕೈಗೆ ಕೂತ ಅಭ್ಯಾಸ. ಮಿಲ್ಲಿನಲ್ಲಿ ಎಲ್ಲರದೂ ಒಂದೇ ಮಾತು: "ಸ್ಕ್ರೂ ತಿರುವಿ ಸ್ಲೋ ಇಳಸ್ರಿ, ಅದ್ರಾಗೇನದ." ಕಾರ್ಬೊರೇಟರ್ ಕಾಲಕ್ಕೆ ಅದು ಸರಿಯಾದ ಮಾತು. ಈಗಿನ ಗಾಡಿಯಲ್ಲಿ ಆ ಸ್ಕ್ರೂ, ಗಾಳಿಯ ಬಾಗಿಲಾದ ಥ್ರಾಟಲ್ ಎಲ್ಲಿ ನಿಲ್ಲಬೇಕು ಎಂದು ಕಾರ್ಖಾನೆಯಲ್ಲೇ ಕೂರಿಸಿದ್ದು. ಐಡ್ಲಿಂಗ್, ಅಂದರೆ ಪೆಡಲ್ ಒತ್ತದಿದ್ದಾಗಿನ ಎಂಜಿನ್ ವೇಗ, ನೋಡಿಕೊಳ್ಳುವುದು ಇಸಿಎಂ. ಸ್ಕ್ರೂ ತಿರುವಿದರೆ ಒಂದು ದೋಷದ ಮೇಲೆ ಇನ್ನೊಂದು ಕೂತಂತೆ. ನಾನು ಮುಟ್ಟಲಿಲ್ಲ.

ನಮ್ಮದು 2014ರ ಪೆಟ್ರೋಲ್ ಗಾಡಿ, ಎಕ್ಸಲೇಟರ್ ಇನ್ನೂ ಕೇಬಲ್ಲಿನದು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ತೋರಿಸುವ ಆರ್‌ಪಿಎಂ ಮೀಟರ್ ಇಲ್ಲ, ಟೆಂಪರೇಚರ್ ಮುಳ್ಳೂ ಇಲ್ಲ. ಹೀಟ್ ಆದರೆ ಒಂದು ಕೆಂಪು ದೀಪ, ಅಷ್ಟೆ. ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ ಮೊಬೈಲಿನಲ್ಲಿ ನೋಡಿದೆ: ಎಸಿ, ಲೈಟು ಎಲ್ಲ ಬಂದ್ ಇದ್ದರೂ 1500 ಆರ್‌ಪಿಎಂ. ಇರಬೇಕಾದದ್ದು 800ರ ಆಸುಪಾಸು. ಕಾಲಡಿಯ ಮ್ಯಾಟ್ ಪೆಡಲಿಗೆ ತಾಗುತ್ತಿರಲಿಲ್ಲ. ಕೇಬಲ್ಲಿನಲ್ಲಿ ಬೆರಳಿಗೆ ಸಿಗುವಷ್ಟು ಸಡಿಲ ಇತ್ತು.

ಮುಂದೆ ಮಾಡಿದ್ದು ತಪ್ಪೋ ಸರಿಯೋ, ಥ್ರಾಟಲ್ ಬಾಡಿ ಬಿಚ್ಚಿ ಕ್ಲೀನರ್ ಹೊಡೆದೆ. ಒಳಗೆ ಡಾಂಬರಿನಂಥ ಮಸಿ. ತಿಕ್ಕಿ ಹಾಕಿ ಚಾಲೂ ಮಾಡಿದರೆ 1700! ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು. ಮಸಿ ಕಟ್ಟಿದ ದಾರಿಗೆ ತಕ್ಕಂತೆ ಇಸಿಎಂ ಗಾಳಿಯ ಲೆಕ್ಕ ಕಲಿತಿತ್ತು, ಈಗ ದಾರಿ ಅಗಲವಾಗಿದೆ. ಬ್ಯಾಟರಿಯ ನೆಗೆಟಿವ್ ವೈರ್ ಅರ್ಧ ತಾಸು ಬಿಚ್ಚಿಟ್ಟು ಹಾಕಿದೆ, ಸ್ವಲ್ಪ ಓಡಿಸಿದ ಮೇಲೆ ಮತ್ತೆ 1500ಕ್ಕೇ ಬಂದು ನಿಂತಿತು.

ಹಾಗಾದರೆ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ಹೋಗುತ್ತಿದೆ. ಇಂಥ ವ್ಯಾಕ್ಯೂಮ್ ಲೀಕ್ ಇದ್ದರೆ ಫ್ಯೂಯಲ್ ಟ್ರಿಮ್, ಅಂದರೆ ಇಸಿಎಂ ಪೆಟ್ರೋಲಿನಲ್ಲಿ ಮಾಡಿಕೊಳ್ಳುವ ಹೆಚ್ಚು ಕಡಿಮೆ, ಶೇಕಡಾ ಪ್ಲಸ್ ಇಪ್ಪತ್ತು ದಾಟುತ್ತದೆ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ನನ್ನದು ಪ್ಲಸ್ ಮೂರು. ಎರಡು ಸಂಜೆ ಇದರಲ್ಲೇ ಹಾಳಾದವು. ಆ ಮಾತು ಒಳಬರುವ ಗಾಳಿಯನ್ನು ಬಾಯಲ್ಲೇ ಅಳೆಯುವ ಗಾಡಿಗಳಿಗೆ. ನಮ್ಮದರಲ್ಲಿ ಎಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇದೆ. ಕದ್ದು ಬಂದ ಗಾಳಿಯೂ ಅದರ ಲೆಕ್ಕಕ್ಕೆ ಸೇರಿ, ಅದಕ್ಕೆ ತಕ್ಕ ಪೆಟ್ರೋಲೂ ಬೀಳುತ್ತದೆ. ಟ್ರಿಮ್ ಸರಿ ಕಾಣುತ್ತದೆ, ರೇಸ್ ಏರುತ್ತದೆ.

ಸ್ಕ್ಯಾನರ್ ಬದಿಗಿಟ್ಟು ಪಕ್ಕಡ್ ಹಿಡಿದೆ. ಅದರ ಬಾಯಿಗೆ ಬಟ್ಟೆ ಸುತ್ತಿ, ಮ್ಯಾನಿಫೋಲ್ಡಿಗೆ ಹೋಗುವ ಒಂದೊಂದೇ ರಬ್ಬರ್ ಪೈಪು ಅದುಮಿದೆ. ಬ್ರೇಕ್ ಬೂಸ್ಟರಿನದು ಅದುಮಿದಾಗ ಏನೂ ಆಗಲಿಲ್ಲ. ಎಂಜಿನ್ ಒಳಗಿನ ಹೊಗೆಯನ್ನು ಮತ್ತೆ ಮ್ಯಾನಿಫೋಲ್ಡಿಗೆ ಎಳೆಯುವ ಪಿಸಿವಿ ಪೈಪು ಅದುಮಿದ ಕೂಡಲೇ ಎಂಜಿನ್ ನಿಟ್ಟುಸಿರು ಬಿಟ್ಟಂತೆ ಇಳಿಯಿತು. ಪೈಪಿನ ಮೊಣಕೈಯ ಕೆಳಗಡೆ, ಕಣ್ಣಿಗೆ ಕಾಣದ ಕಡೆ, ಉಗುರು ತೂರುವಷ್ಟು ಸೀಳು. ನಮ್ಮ ಬಿಸಿಲು ರಬ್ಬರನ್ನು ಹಪ್ಪಳ ಮಾಡುತ್ತದೆ. ಹೀಗೆ ಹುಡುಕುವಾಗ ಕ್ಲೀನರ್ ಸಿಂಪಡಿಸುವವರೂ ಇದ್ದಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಯ ಜೊತೆ ಆಟ. ಪಿಚಕಾರಿ ಬಾಟಲಿಯ ನೀರೇ ಸಾಕು, ಸೀಳಿಗೆ ಬಿದ್ದರೆ ಎಂಜಿನ್ ಒಮ್ಮೆ ಎಡವುತ್ತದೆ.

ಹೊಸ ಪೈಪು ಹಾಕಿದೆ. 1100ಕ್ಕೆ ಇಳಿಯಿತು. ಇನ್ನೂ 300 ಬಾಕಿ.

ಇಲ್ಲಿ ಮೆಕ್ಯಾನಿಕ್ ಆಗಿದ್ದರೆ ಗಿರಾಕಿಗೆ ಗಾಡಿ ಕೊಟ್ಟು ಕಳಿಸಿಬಿಡುತ್ತಿದ್ದೆನೋ ಏನೋ. ಸ್ವಂತದ್ದಾದ್ದರಿಂದ ಬಿಡಲಾಗಲಿಲ್ಲ. ಒಂದು ವಿಚಿತ್ರ ಮೊದಲೇ ಗಮನಕ್ಕೆ ಬಂದಿತ್ತು: ಊರೊಳಗೆ ಸೂಪರ್ ಮಾರ್ಕೆಟ್ ಬಡಾವಣೆಯ ಗದ್ದಲದಲ್ಲಿ ಹತ್ತು ನಿಮಿಷ ತೆವಳಿದರೆ ರೇಸ್ ಇಳಿಯುತ್ತದೆ, ಹುಮನಾಬಾದ್ ರಸ್ತೆಯಲ್ಲಿ ಓಡಿಸಿ ನಿಲ್ಲಿಸಿದರೆ ಏರುತ್ತದೆ. ಪೈಪಿನ ಸೀಳಿಗೆ ಊರೇನು, ಹೊರಗೇನು? ಆಗ ಮೊಬೈಲಿನಲ್ಲಿ ಅಷ್ಟು ದಿನ ನೋಡದೆ ಬಿಟ್ಟ ಸಾಲು ನೋಡಿದೆ. ಕೂಲೆಂಟ್ ಬಿಸಿ, ಅರ್ಧ ತಾಸು ಓಡಿದ ಮೇಲೂ, 56 ಡಿಗ್ರಿ. 80 ದಾಟಿರಬೇಕಿತ್ತು.

ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ಬಿಚ್ಚಿ ಸ್ಟೀಲ್ ಲೋಟದ ಬಿಸಿನೀರಲ್ಲಿ ಇಳಿಸಿ ಮಲ್ಟಿಮೀಟರ್ ಹಚ್ಚಿದೆ: ತಣ್ಣಗಿದ್ದಾಗ ಸುಮಾರು ಎರಡೂವರೆ ಕಿಲೋ ಓಮ್, 80 ಡಿಗ್ರಿಗೆ ಮುನ್ನೂರರ ಹತ್ತಿರ. ಸೆನ್ಸರ್ ಸತ್ಯವಂತ. ಮರುದಿನ ಬೆಳಿಗ್ಗೆ ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಪೈಪಿನ ಮೇಲೆ ಕೈ ಇಟ್ಟೆ. ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ತೆರೆಯುವವರೆಗೆ ಅದು ತಣ್ಣಗೇ ಇರಬೇಕು. ನನ್ನದು ಮೊದಲ ನಿಮಿಷದಿಂದಲೇ ಮೆಲ್ಲಗೆ ಉಗುರು ಬೆಚ್ಚಗಾಗುತ್ತ ಬಂತು.

ನೆನಪಾಯಿತು. ಮೇ ತಿಂಗಳು, ಜೇವರ್ಗಿ ರಸ್ತೆ, ಕೆಂಪು ದೀಪ. ಹತ್ತಿರದ ಗ್ಯಾರೇಜಿನ ಉಸ್ತಾದ್, "ಸರ್, ಥರ್ಮೋಸ್ಟಾಟ್ ತೆಗದು ಬಿಡ್ತೀನ್ರೀ. ನಮ್ ಬಿಸಿಲಿಗೆ ಇದ್ಯಾಕ ಬೇಕು?" ಅಂದಿದ್ದ. "ತಗಿಯಪ್ಪಾ" ಅಂದವನು ನಾನೇ. ಅವನನ್ನು ಬೈಯಲಿಕ್ಕೆ ಬಾಯಿಲ್ಲ. ಬೇಸಿಗೆಯಲ್ಲಿ ಹೇಗೋ ನಡೆಯಿತು. ಚಳಿಗಾಲದ ಗಾಳಿಗೆ ನೀರು ಸದಾ ರೇಡಿಯೇಟರಿನಲ್ಲೇ ಸುತ್ತಿ ತಣ್ಣಗಾಗುತ್ತಿತ್ತು. ಎಂಜಿನ್ ತಣ್ಣಗಿದೆ ಎಂದು ಇಸಿಎಂ ನಂಬಿದ್ದು ನಿಜವೇ ಆಗಿತ್ತು. ಮೈಲೇಜು ಇಳಿದದ್ದಕ್ಕೆ ಪಂಪಿನವರ ಮೇಲೆ ಅನುಮಾನ ಪಟ್ಟಿದ್ದೆ, ಅದೂ ನನ್ನದೇ ಪಾಪ.

ಹೊಸ ಥರ್ಮೋಸ್ಟಾಟ್ ಮೇಲೆ 82 ಎಂದು ಅಚ್ಚಾಗಿತ್ತು. ಹಾಕುವ ಮೊದಲು ದಾರ ಕಟ್ಟಿ ಬೋಗಣಿಯ ನೀರಲ್ಲಿ ಕುದಿಸಿ ನೋಡಿದೆ. "ಚಹಾದ ಬೋಗಣಿನೇ ಬೇಕಿತ್ತೇನ್ರಿ ನಿಮಗ?" ಅಂತ ಮನೆಯಾಕೆ ಬಾಗಿಲಲ್ಲಿ ನಿಂತಿದ್ದಳು. 82ರ ಹತ್ತಿರ ಬಾಯಿ ಬಿಟ್ಟಿತು. ಗಾಳಿ ಬಿಡುವ ಸಣ್ಣ ಪಿನ್ನು ಮೇಲೆ ಬರುವಂತೆ ಕೂರಿಸಿದೆ.

ಮೇ ತಿಂಗಳಲ್ಲಿ ಹೀಟ್ ಆದದ್ದೇಕೆ ಎನ್ನುವ ಪ್ರಶ್ನೆ ಹಾಗೇ ಇತ್ತಲ್ಲ. ರೇಡಿಯೇಟರ್ ಬಿಚ್ಚಿಸಿದರೆ ಒಳಗೆಲ್ಲ ಬೋರ್‌ವೆಲ್ ನೀರಿನ ಬಿಳಿ ಪದರ. ವರ್ಷಗಟ್ಟಲೆ ಕೂಲೆಂಟ್ ಬದಲು ಬೋರ್ ನೀರು ಸುರಿದವನೂ ನಾನೇ. ತೊಳೆಸಿ, ಡಿಸ್ಟಿಲ್ಡ್ ನೀರು, ಕೂಲೆಂಟ್ ಸಮಸಮ ಹಾಕಿ, ಎಂಜಿನ್ ತಣ್ಣಗಿರುವಾಗಲೇ ಕ್ಯಾಪ್ ತೆರೆದು, ಹೀಟರ್ ಪೂರ್ತಿ ತಿರುವಿ, ಗುಳ್ಳೆ ನಿಲ್ಲುವವರೆಗೆ ಓಡಿಸಿದೆ.

ಜನವರಿಯಲ್ಲಿ ಮತ್ತೆ ಕಮಲಾಪುರದಲ್ಲಿ ನಿಲ್ಲಿಸಿದಾಗ ಮೊಬೈಲು 86 ಡಿಗ್ರಿ, 800 ತೋರಿಸುತ್ತಿತ್ತು. ಎಸಿ ಹಾಕಿದರೆ 950ಕ್ಕೆ ಏರುತ್ತದೆ. ಅದು ಕಂಪ್ರೆಸರ್ ಭಾರಕ್ಕೆ ಇಸಿಎಂ ತಾನೇ ಕೊಡುವುದು, ಅದಕ್ಕೆ ಬಾನೆಟ್ ಎತ್ತಬೇಕಿಲ್ಲ.