ಆಮ್ಲೀಯ ಪಿಎಚ್‌ನಲ್ಲಿ ಪ್ರೋಟೀನ್ ಹರಳು ಬೆಳೆಸಲು ಬಫರ್ ಆಯ್ಕೆ

ಪಿಎಚ್ 3.5ರಿಂದ 6.5ರ ನಡುವಿನ ಕೆಲಸಕ್ಕೆ ಮೂರು ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಸಾಕು: ಸಿಟ್ರೇಟ್ (3ರಿಂದ 6.2), ಅಸಿಟೇಟ್ (3.6ರಿಂದ 5.6), ಎಂಇಎಸ್ ಎಂಬ ಸಲ್ಫೋನಿಕ್ ಆಮ್ಲದ ಬಫರ್ (5.5ರಿಂದ 6.7). ಈ ಮಿತಿ ದಾಟಿದರೆ ಬಫರ್ ಹೆಸರಿಗಷ್ಟೇ ಇರುತ್ತದೆ, ಪಿಎಚ್ ಹಿಡಿದಿಡುವುದಿಲ್ಲ.

ನಿಮ್ಮ ಪ್ರೋಟೀನಿಗೆ ಕ್ಯಾಲ್ಸಿಯಂ, ಸತು ಬೇಕೇ? ಹಾಗಿದ್ದರೆ ಸಿಟ್ರೇಟ್ ಬೇಡ. ಅದು ಲೋಹವನ್ನು ಕಿತ್ತುಕೊಳ್ಳುತ್ತದೆ. ದ್ರಾವಣದಲ್ಲೇ ಕ್ಯಾಲ್ಸಿಯಂ ಲವಣವಿದ್ದರಂತೂ ಕ್ಯಾಲ್ಸಿಯಂ ಸಿಟ್ರೇಟ್ ಹರಳುಗಟ್ಟಿ, ಪ್ರೋಟೀನೇ ಬಂತೆಂದು ನಂಬಿಸುತ್ತದೆ. ಪ್ರೋಟೀನ್ ಇಲ್ಲದ ಹನಿಯೊಂದನ್ನು ಪಕ್ಕದಲ್ಲಿ ಇಟ್ಟೇ ಇಡಿ.

ಅಸಿಟೇಟ್ ತಯಾರಿಸುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. 1 ಮೋಲಾರ್ ಲೆಕ್ಕಕ್ಕೆ ಸೋಡಿಯಂ ಅಸಿಟೇಟ್ ತೂಗಿ, ಪಿಎಚ್ 4.6ಕ್ಕೆ ಬರುವವರೆಗೆ ಗ್ಲೇಶಿಯಲ್ (ನೀರು ಬೆರೆಸದ) ಅಸಿಟಿಕ್ ಆಮ್ಲ ಸುರಿಯುತ್ತಾರೆ. ಆಮ್ಲವೂ ಅಸಿಟೇಟೇ ಆದ್ದರಿಂದ ಒಟ್ಟು ಸಾಂದ್ರತೆ 2 ಮೋಲಾರ್ ಆಸುಪಾಸಿಗೆ ಹೋಗುತ್ತದೆ. ಬದಲಿಗೆ 100 ಮಿಲಿಗೆ 13.6 ಗ್ರಾಂ ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟ್ ಹಾಕಿದ ದ್ರಾವಣ ಒಂದು, 100 ಮಿಲಿಗೆ 5.7 ಮಿಲಿ ಗ್ಲೇಶಿಯಲ್ ಆಮ್ಲ ಹಾಕಿದ್ದು ಇನ್ನೊಂದು ಮಾಡಿಕೊಳ್ಳಿ. ಎರಡೂ 1 ಮೋಲಾರ್. ಸರಿಸುಮಾರು ಸಮ ಬೆರೆಸಿ, ಮೀಟರ್ ನೋಡುತ್ತಾ ಯಾವುದು ಬೇಕೋ ಅದನ್ನು ತುಸುತುಸುವೇ ಸೇರಿಸಿ. 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, 4 ಡಿಗ್ರಿಯಲ್ಲಿಡಿ. ಸಿಟ್ರೇಟ್, ಅಸಿಟೇಟ್ ಎರಡಕ್ಕೂ ಬೂಷ್ಟು ಹಿಡಿಯುತ್ತದೆ.

ಕೈ ಪಳಗಿಸಲು ಕೋಳಿಮೊಟ್ಟೆಯ ಲೈಸೊಜೈಮ್ ಒಳ್ಳೆಯದು. ರಿಸರ್ವಾಯರಿಗೆ (ಹನಿಯ ಕೆಳಗಿನ ಬಾವಿಗೆ) 0.1 ಮೋಲಾರ್ ಅಸಿಟೇಟ್ (ಪಿಎಚ್ 4.6), ಶೇ. 6 ಉಪ್ಪು, ಒಟ್ಟು 0.5 ಮಿಲಿ. 50 ಮಿ.ಗ್ರಾಂ/ಮಿಲಿ ಪ್ರೋಟೀನ್ 2 ಮೈಕ್ರೊಲೀಟರ್, ರಿಸರ್ವಾಯರ್ ದ್ರಾವಣ 2 ಮೈಕ್ರೊಲೀಟರ್ ಬೆರೆಸಿ, ಹನಿಯನ್ನು ಗಾಜಿನ ಬಿಲ್ಲೆಯ ಅಡಿಯಲ್ಲಿ ಬಾವಿಯ ಮೇಲೆ ತೂಗುಹಾಕಿ, 20 ಡಿಗ್ರಿಯಲ್ಲಿ ಅಲುಗಾಡಿಸದೆ ಬಿಡಿ. ಒಂದೆರಡು ದಿನದಲ್ಲಿ ಹರಳು ಕಾಣಬೇಕು.

ಬಾಟಲಿಯ ಪಿಎಚ್ಚೇ ಹನಿಯ ಪಿಎಚ್ ಎಂದುಕೊಳ್ಳಬೇಡಿ. ಪ್ರೋಟೀನ್ 50 ಮಿಲಿಮೋಲಾರ್ ಟ್ರಿಸ್ ಬಫರಿನಲ್ಲಿ (ಪಿಎಚ್ 8) ಇದ್ದರೆ, ಬೆರೆಸಿದ ಕೂಡಲೇ 4.6 ಇರಬೇಕಾದದ್ದು 5ರ ಹತ್ತಿರ ಏರುತ್ತದೆ. ಪ್ರೋಟೀನಿನ ಬಫರನ್ನು 10 ಮಿಲಿಮೋಲಾರ್‌ಗೆ ಇಳಿಸಿ. ಅಸಿಟಿಕ್ ಆಮ್ಲ ಆವಿಯಾಗುವ ವಸ್ತು. ಬಿಲ್ಲೆಯ ಅಂಚು ಮುಚ್ಚುವ ಗ್ರೀಸ್ ಬಿಟ್ಟುಹೋದ ಬಾವಿಯಲ್ಲಿ ಪಿಎಚ್ ನಿಲ್ಲುವುದಿಲ್ಲ.

ಬರೀ ಬಿಳಿ ಗಸಿ ಕಂಡರೆ ಪ್ರೋಟೀನಿನ ಪಿಐ (ಅದರ ಒಟ್ಟು ವಿದ್ಯುದಾವೇಶ ಸೊನ್ನೆಯಾಗುವ ಪಿಎಚ್) ನೋಡಿ. ಅದರ ಹತ್ತಿರ ಕರಗುವಿಕೆ ತೀರಾ ಕಡಿಮೆ. ಪಿಎಚ್ಚನ್ನು 0.5ರಂತೆ ಸರಿಸಿ, ಹರಳಿನ ಸುಳಿವು ಸಿಕ್ಕಲ್ಲಿ 0.2ರಂತೆ. ಅದೇ ಪಿಎಚ್‌ನಲ್ಲಿ ಅಸಿಟೇಟ್ ತೆಗೆದು ಸಿಟ್ರೇಟ್ ಹಾಕಿಯೂ ನೋಡಿ. ಬಫರಿನ ಅಯಾನೇ ಹರಳಿನೊಳಗೆ ಕೂರುವುದುಂಟು.